ಹಿಂದಿನ ಗೋಡೆ

ಹೈದರಾಬಾದ
೧೨ ಆಗಸ್ಟ್ ೧೯೫೬

ಅಕ್ಕಾ ಗಿರಿಜಾಬಾಯಿಗೆ ನಿನ್ನ ತಮ್ಮನ ನಮಸ್ಕಾರ.

ಲಕೋಟೆ ಇಷ್ಟು ದಪ್ಪ ಯಾಕೆ ಅಂತ ಹೆದರಿರಬೇಕು ನೀನು. ಒಳಗೆ ಒಂದು ನಕ್ಷೆ ಇದೆ, ಅಷ್ಟೇ. ಮೊದಲು ಅದನ್ನು ಬಿಚ್ಚಿ ನೋಡು, ಆಮೇಲೆ ಕಾಗದ ಓದು.

ನೋಡಿದೆಯಾ? ಅದು ನನ್ನ ಕೈಯದ್ದು! ನಮ್ಮ ಓವರಸಿಯರ್ ಕ್ಲಾಸಿನಲ್ಲಿ ಈ ಸಲದ ಪರೀಕ್ಷೆಗೆ ಸರಕಾರಿ ನೌಕರನ ಮನೆಯೊಂದನ್ನು ಬರೆಯಲು ಹೇಳಿದ್ದರು. ನನ್ನದು ಮೊದಲ ನಂಬರು. ಬದ್ರೋದ್ದೀನ ಉಸ್ತಾದರು ಅದನ್ನು ಎಲ್ಲರೆದುರಿಗೆ ಎತ್ತಿ ಹಿಡಿದು, "ದೇಖೋ, ಗೆರಿ ಅಂದ್ರ ಹಿಂಗಿರ್ಬೇಕು" ಅಂದರು. ಆಗ ನಮ್ಮ ಕ್ಲಾಸಿನ ದೊಡ್ಡ ಮನೆಯ ಹುಡುಗರ ಮುಖ ನೋಡಬೇಕಾಗಿತ್ತು ನೀನು.

ಇಲ್ಲಿಯ ಊಟದ ಮನೆಯಲ್ಲಿ ನನ್ನ ಗಂಗಾಳಕ್ಕೆ ಕೆಂಪು ಬಣ್ಣದ ಚುಕ್ಕೆ ಹಚ್ಚಿಟ್ಟಿದ್ದಾರೆ, ಬೇರೆಯವರದರ ಜೊತೆ ಕಲೆಯಬಾರದು ಅಂತ. ದಿನಾ ಆ ಚುಕ್ಕೆ ನೋಡುತ್ತಲೇ ಉಣ್ಣುತ್ತೇನೆ. ಈಗ ಆ ಚುಕ್ಕೆ ಇಲ್ಲದ ಗಂಗಾಳದವರೇ ನಕ್ಷೆ ಕಲಿಯಲು ನನ್ನ ಮೇಜಿಗೆ ಬರುತ್ತಾರೆ.

ನಕ್ಷೆ ಓದುವುದು ಹೀಗೆ. ಮುಂದೆ ಪಡಸಾಲೆ, ಅದರ ಹಿಂದೆ ಎರಡು ಕೋಣೆ, ಅಡಿಗೆಮನೆ, ಅಂಗಳ. ಅಂಗಳದ ತುದಿಗೆ ಪಾಯಖಾನೆ. ಅದರ ಹಿಂದಿನ ಗೋಡೆಯಲ್ಲಿ ನೆಲಕ್ಕೆ ಹತ್ತಿ ಒಂದು ಸಣ್ಣ ಬಾಗಿಲು ಇದೆ ನೋಡು, ಅದರಾಚೆ ಇಕ್ಕಟ್ಟಾದ ಓಣಿ. ಮನೆಯವರು ಮುಂದಿನಿಂದ, ಹೊಲಸು ಎತ್ತುವವರು ಹಿಂದಿನಿಂದ. ಯಾರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಉಸ್ತಾದರು ಹೆಚ್ಚು ಮೆಚ್ಚಿದ್ದು ಅದನ್ನೇ.

ಸಾಲೆಯ ಮಕ್ಕಳಿಗೆ ತೋರಿಸು. ಮೌಸಿ ಬಂದರೆ ಅವಳಿಗೂ ತೋರಿಸು. ನಮ್ಮವ್ವ ಸತ್ತ ಮೇಲೆ ಅವ್ವನ ತಂಗಿಯಾಗಿ ಅವಳು ಸಾಕಿರದಿದ್ದರೆ ನಾನೆಲ್ಲಿ, ನಕ್ಷೆಯೆಲ್ಲಿ.

ನಿನ್ನ
ಗೋರಖನಾಥ


ಠಾಣಾ ಕುಶನೂರ
೩ ಸಪ್ಟೆಂಬರ್ ೧೯೫೬

ತಮ್ಮಾ,

ನಕ್ಷೆ ಮುಟ್ಟಿತು. ಅವತ್ತೇ ಸಾಲೆಯ ಗೋಡೆಗೆ ಅಂಟಿಸಿದೆ. "ನನ್ನ ತಮ್ಮ ಬರೆದದ್ದು" ಅಂತ ಎಷ್ಟು ಜನಕ್ಕೆ ಹೇಳಿಕೊಂಡೆನೋ. ಒಂದು ಹುಡುಗಿ ಬಹಳ ಹೊತ್ತು ನೋಡಿ, "ಅಕ್ಕಾರ, ಆಡು ಎಲ್ಲಿ ಕಟ್ತಾರ್ರಿ?" ಅಂದಳು. ನಿನ್ನ ಮನೆಯಲ್ಲಿ ಆಡಿಗೆ ಜಾಗವಿಲ್ಲ, ಗೊತ್ತಿರಲಿ.

ಮೊನ್ನೆ ಶನಿವಾರ ಬೀದರದಿಂದ ಮೌಸಿ ಬಂದಿದ್ದಳು. ನನ್ನ ಮನೆಗೆ ಬಂದರೂ ಮೊದಲು ಹೊರಗೆ ಸ್ನಾನ ಮಾಡಿ, ಆಮೇಲೇ ಒಳಗೆ ಕಾಲಿಡುತ್ತಾಳೆ. ಬೇಡ ಅಂದರೆ ಕೇಳುವುದಿಲ್ಲ. ಸಾಲೆಗೆ ಕರೆದುಕೊಂಡು ಹೋಗಿ ನಿನ್ನ ನಕ್ಷೆಯ ಮುಂದೆ ನಿಲ್ಲಿಸಿದೆ. ಇದು ಪಡಸಾಲೆ, ಇದು ಅಡಿಗೆಮನೆ ಅಂತ ಬೆರಳಿಟ್ಟು ಹೇಳುತ್ತಾ ಅಂಗಳಕ್ಕೆ ಬಂದೆ. ಅಲ್ಲಿಂದ ಮುಂದೆ ನಾನು ಹೇಳಬೇಕಾಗಲಿಲ್ಲ. ಮೌಸಿ ತಾನೇ ಆ ಸಣ್ಣ ಚೌಕದ ಮೇಲೆ ಬೆರಳಿಟ್ಟು, "ಇದು ನನ್ನ ಬಾಗಲಾ ಅಲ್ಲೇನ ಗಿರಿಜಾ?" ಅಂತ ನಕ್ಕಳು.

ಸಿಟ್ಟಿನಿಂದಲ್ಲ ಕಣೋ, ಸಂತೋಷದಿಂದ ನಕ್ಕಳು. "ನಮ್ಮ ಗೋರಖ್ಯಾ ಎಷ್ಟು ಚಂದ ಮಾಡ್ಯಾನ ನೋಡು. ಅದಕ್ಕ ಕಬ್ಬಿಣದ ಪತ್ರಾ ಹಚ್ಚಂತ ಹೇಳವ್ವಾ. ಕಟ್ಟಿಗೀದು ಮಳಿಗಾಲದಾಗ ಉಬ್ಬತದ. ಜಗ್ಗೂದ್ರಾಗ ಎಲ್ಲಾ ಮಾರಿಮ್ಯಾಲ ಸಿಡಿತದ."

ನನಗೆ ಹೇಸಿಗೆಯಾಯಿತು. ಅವಳ ಮೇಲಲ್ಲ, ನಿನ್ನ ಮೇಲೆ. ಬೀದರದ ಚಿದ್ರಿಯ ಹಿಂದಿನ ಓಣಿಗಳಲ್ಲಿ ಅವಳು ಬೆಳಗಾದರೆ ಹೊರುವುದೇನು ಅನ್ನುವುದು ನಿನಗೆ ಗೊತ್ತಿಲ್ಲವೇ? ಗಂಡ ಸತ್ತು, ಯಾರೂ ಕೈ ಹಿಡಿಯದಿದ್ದಾಗ ಆ ಬುಟ್ಟಿ ಎತ್ತಿಕೊಂಡಳು. ನಮ್ಮಿಬ್ಬರ ಪಾಟಿ ಪುಸ್ತಕ ಅದರಿಂದಲೇ ಬಂದವು. ನೀನು ಅವಳು ಬಗ್ಗುವ ಬಾಗಿಲನ್ನೇ ಅಷ್ಟು ನುಣ್ಣಗೆ ಬರೆದು ಮೊದಲ ನಂಬರು ತಂದೆ. ಅದರ ಎತ್ತರ ಮೊಣಕಾಲಿನಷ್ಟು. ಮನುಷ್ಯರು ಬರುವ ಬಾಗಿಲು ಅಷ್ಟೇ ಯಾಕಿರಬೇಕು ಅಂತ ಕೈಯಲ್ಲಿ ಅಳತೆಪಟ್ಟಿ ಹಿಡಿದಿದ್ದ ನಿನಗೆ ಒಂದು ಸಲವೂ ಅನ್ನಿಸಲಿಲ್ಲವಲ್ಲ.

ಗಂಗಾಳಕ್ಕೆ ಕೆಂಪು ಚುಕ್ಕೆ ಹಚ್ಚಿದರು ಅಂತ ಅಳುತ್ತೀ. ನೀನು ಇಡೀ ಮನೆಗೇ ಆ ಚುಕ್ಕೆ ಹಚ್ಚಿದ್ದೀ. ನಕ್ಷೆಯನ್ನು ಗೋಡೆಯಿಂದ ತೆಗೆದುಬಿಟ್ಟೆ.

ಗಿರಿಜಾಬಾಯಿ


ಹೈದರಾಬಾದ
೨೦ ಸಪ್ಟೆಂಬರ್ ೧೯೫೬

ಅಕ್ಕಾ,

ಕಾಗದ ಓದಿದೆ. ಎರಡನೇ ಸಲ ಓದಲಿಲ್ಲ.

ಆ ಬಾಗಿಲು ನಾನು ಹುಟ್ಟಿಸಿದ್ದಲ್ಲ. ಪುಸ್ತಕದಲ್ಲಿದೆ. ಬರೆಯದಿದ್ದರೆ ನಂಬರು ಕತ್ತರಿಸುತ್ತಾರೆ. ನಾನು ಫೇಲಾಗಿ ಮೆಹಕರಕ್ಕೆ ಬಂದು, ಅಪ್ಪನ ಹಿಂದೆ ಕಂಡವರ ಹೊಲದಲ್ಲಿ ಜೋಳ ಕೊಯ್ದರೆ ನಿನಗೆ ಸಮಾಧಾನವೇ? ನೀನು ಸಾಲೆಯ ಕುರ್ಚಿಯ ಮೇಲೆ ಕೂತಿದ್ದೀ. ಅಲ್ಲಿಂದ ಮೂಗು ಮುಚ್ಚಿಕೊಳ್ಳುವುದು ಸುಲಭ.

ಮೌಸಿಯ ಕೆಲಸವನ್ನು ನೀನು ನನಗೆ ನೆನಪಿಸಬೇಕಾಗಿಲ್ಲ. ಇಲ್ಲಿ ನಾನು ಯಾರಿಗೂ ಅದನ್ನು ಹೇಳಿಲ್ಲ. ಇನ್ನು ಮೇಲೆ ಕಾಗದದಲ್ಲಿ ಆ ಮಾತು ಬರೆಯಬೇಡ. ಹಾಸ್ಟೆಲಿನಲ್ಲಿ ನಮ್ಮ ಟಪಾಲು ಒಡೆದು ಓದುವವರಿದ್ದಾರೆ.

ಗೋರಖನಾಥ ಕಾಶೀರಾಮ


ಠಾಣಾ ಕುಶನೂರ
೪ ನವೆಂಬರ್ ೧೯೫೬

ತಮ್ಮಾ,

ನಿನ್ನ ಸಿಟ್ಟು ಇಳಿದಿದೆಯೋ ಇಲ್ಲವೋ, ನಾನು ಬರೆಯುತ್ತೇನೆ. ಅಕ್ಕನಿಗೆ ತನ್ನ ಪೂರ್ತಿ ಹೆಸರು ಸಹಿ ಮಾಡುವ ತಮ್ಮನನ್ನು ನಾನು ನಿನ್ನೊಬ್ಬನನ್ನೇ ಕಂಡದ್ದು.

ಮೊನ್ನೆ ಒಂದನೇ ತಾರೀಖಿಗೆ ನಾವು ಮೈಸೂರು ರಾಜ್ಯದವರಾದೆವು. ಸಾಲೆಯ ಮುಂದೆ ತೋರಣ, ಭಾಷಣ, ಬುಂದಿ. ಕನ್ನಡ ತಾಯಿಯ ಮಕ್ಕಳೆಲ್ಲ ಒಂದೇ ಅಂತ ಗಂಟಲು ಹರಿಯುವ ಹಾಗೆ ಕೂಗಿದ ಪುಣ್ಯಾತ್ಮನೇ ಬುಂದಿ ಹಂಚಲು ನಿಂತ. ಉಳಿದ ಮಕ್ಕಳಿಗೆ ಕೈಯಲ್ಲಿಟ್ಟ, ನಮ್ಮ ಕೇರಿಯ ಮಕ್ಕಳಿಗೆ ಮೇಲಿನಿಂದ ಬಿಟ್ಟ. ಅರ್ಧ ಮಣ್ಣಿಗೆ ಬಿತ್ತು. ಅವು ಮಣ್ಣು ಊದಿಕೊಂಡು ತಿಂದವು. ನನ್ನ ಪಾಲನ್ನು ನಾನು ಅವನ ತಟ್ಟೆಗೇ ಹಾಕಿ ಬಂದೆ. ಹೇಸಿಗೆಯ ಮನುಷ್ಯ.

ಇನ್ನೊಂದು ಸುದ್ದಿ ನಿನಗೆ ಅಪ್ಪ ಬರೆದಿರಲಾರ. ದಸರೆಗೆ ಮೆಹಕರದವರೆಲ್ಲ ಕೂಡಿ ಭಾಲ್ಕಿ ಸ್ಟೇಶನ್ನಿನಿಂದ ರೈಲು ಹತ್ತಿ ನಾಗಪುರಕ್ಕೆ ಹೋದರು. ಅಪ್ಪನೂ ಹೋದ, ಮೌಸಿಯೂ ಹೋದಳು. ಬಾಬಾಸಾಹೇಬರ ಜೊತೆ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದರು. ನನಗೆ ರಜೆ ಸಿಗಲಿಲ್ಲ, ಆ ನೋವು ಸಾಯುವತನಕ ಇರುತ್ತದೆ.

ಬಂದ ಮರುದಿನ ಮೌಸಿ ಬಿಳಿ ಸೀರೆಯಲ್ಲೇ ಚಿದ್ರಿಗೆ ಹೋಗಿ, ಹಿಂದಿನ ಓಣಿಯ ಬಾಯಿಗೆ ತನ್ನ ಬುಟ್ಟಿ ಇಟ್ಟು ತಿರುಗಿದಳಂತೆ. ಒಬ್ಬ ಮನೆಯಾಕೆ ಮಾಳಿಗೆಯ ಮೇಲಿನಿಂದ ಕೂಗಿದಳಂತೆ: "ಕೇಶರಾ, ನೀ ಧರ್ಮಾ ಬದಲ್ ಮಾಡಿದ್ರ ನಮ್ಮ ಸಂಡಾಸ ತುಂಬೂದು ಬಿಡ್ತದೇನ?" ಮೌಸಿ ಅಂದಳಂತೆ: "ತುಂಬಲಿ ಬಿಡ್ರಿ ಬಾಯೀ. ತುಂಬಿದವರೇ ಎತ್ಕೋರಿ."

ನಮ್ಮ ಮೌಸಿ ಈ ಮಾತು ಅಂದಳು! ನಾನು ಇದನ್ನು ಬರೆಯುವಾಗಲೂ ನಗುತ್ತಿದ್ದೇನೆ, ಅಳುತ್ತಲೂ ಇದ್ದೇನೆ.

ಈಗ ಕಲ್ಲುಮಣ್ಣಿನ ಕೂಲಿ ಹುಡುಕುತ್ತಿದ್ದಾಳೆ. ವರ್ಷಗಟ್ಟಲೆ ಬಗ್ಗಿ ಬೆನ್ನು ಗೂನಾಗಿದೆ. ನಿಂತರೂ ನೆಲ ನೋಡಿಕೊಂಡೇ ನಿಲ್ಲುತ್ತಾಳೆ. ಆ ಬೆನ್ನಿಗೆ ಯಾರು ಕೆಲಸ ಕೊಡುತ್ತಾರೋ.

ಜೈಭೀಮ.
ನಿನ್ನ ಅಕ್ಕ


ಬೀದರ
೧೦ ಫೆಬ್ರುವರಿ ೧೯೫೭

ಅಕ್ಕಾ, ಜೈಭೀಮ. ಈ ಮಾತನ್ನು ಮೊದಲ ಸಲ ಬರೆಯುತ್ತಿದ್ದೇನೆ. ಡಿಸೆಂಬರಿನಲ್ಲಿ ಬಾಬಾಸಾಹೇಬರು ಹೋದ ಸುದ್ದಿ ಬಂದ ದಿನ ಬರೆಯಬೇಕೆಂದು ಕೂತಿದ್ದೆ, ಆಗಲಿಲ್ಲ.

ಪಾಸಾಗಿದ್ದೇನೆ. ಬೀದರದ ಕಟ್ಟಡ ಕಚೇರಿಯಲ್ಲಿ ಓವರಸಿಯರ್ ಕೆಲಸ ಸಿಕ್ಕಿದೆ. ಹಂಗಾಮಿ. ಇಲ್ಲಿ ಈಗ ಗದ್ದಲವೋ ಗದ್ದಲ. ಹಳೆಯ ನಕ್ಷೆಗಳೆಲ್ಲ ಉರ್ದುವಿನಲ್ಲಿವೆ, ಕೆಳಗೆ ಹೈದರಾಬಾದ ಸರಕಾರ ಅಂತಿದೆ. ಮೈಸೂರು ಕಡೆಯಿಂದ ಬಂದ ನಮ್ಮ ಹೊಸ ಸಾಹೇಬರಿಗೆ ಉರ್ದು ಬಾರದು. ನನಗೆ ಎರಡೂ ಬರುತ್ತದೆಂದು ನಕ್ಷೆಗಳನ್ನು ತಿರುಗಿ ಬರೆಯುವ ಕೆಲಸ ಕೊಟ್ಟರು. ಮೆತ್ತಗಿನ ದನಿಯಲ್ಲಿ, "ಹೆಸರು ಮಾತ್ರ ಬದಲಾಯಿಸಿ, ಗೋರಖನಾಥ್. ಗೆರೆ ಮುಟ್ಟಬೇಡಿ, ಆಯ್ತಾ?" ಅಂದರು.

ಚಿದ್ರಿಯಲ್ಲಿ ಗುಮಾಸ್ತರಿಗೆ ಒಂದು ಸಾಲು ಮನೆ ಕಟ್ಟಿಸುತ್ತಾರೆ. ಆ ನಕ್ಷೆ ನನ್ನ ಮುಂದೆ ಬಂತು. ಪರೀಕ್ಷೆಯಲ್ಲಿ ನಾನು ಬರೆದ ಮನೆಯ ಅಣ್ಣತಮ್ಮನ ಹಾಗೆಯೇ ಇತ್ತು. ಪಡಸಾಲೆ ಬರೆದೆ, ಕೋಣೆ ಬರೆದೆ, ಅಂಗಳ ಬರೆದೆ. ಪಾಯಖಾನೆಯ ಹಿಂದಿನ ಆ ಕಿಂಡಿ ಬಂದಾಗ ಮೌಸಿ ಹೇಳಿದ್ದು ನೆನಪಾಯಿತು, ಮಾರಿಯ ಮೇಲೆ ಸಿಡಿಯುತ್ತದೆ ಅಂದದ್ದು. ಎದ್ದು ಹೊರಗೆ ಹೋಗಿ ಬಾಯಿ ತೊಳೆದು ಬಂದೆ. ನಿಜಾಮ ಹೋದ, ಹೈದರಾಬಾದ ಹೋಯಿತು, ಮೈಸೂರು ಬಂತು. ಈ ಕಿಂಡಿ ಮಾತ್ರ ಹೆಸರು ಬದಲಿಸಿಕೊಂಡು ಮುಂದೆ ಹೋಗುತ್ತದೆ, ಅದೂ ನನ್ನ ಕೈಯಿಂದ.

ಬರೆಯಲಿಲ್ಲ ಅಕ್ಕಾ. ಗೋಡೆಯನ್ನು ಇಡಿಯಾಗಿ ಎಳೆದೆ. ಓಣಿಯನ್ನೂ ಬಿಟ್ಟೆ. ಅದರ ಬದಲಿಗೆ ಅಂಗಳದಲ್ಲಿ ಒಂದು ಆಳದ ಕುಣಿ ಹಾಕಿದೆ. ಪಾಯಖಾನೆಯ ಕಲ್ಲಿನ ಕೆಳಗೆ ಡೊಂಕಾದ ನಳ, ಅದರ ಡೊಂಕಿನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ, ಹಾಗಾಗಿ ವಾಸನೆ ಮೇಲೆ ಬರುವುದಿಲ್ಲ. ಒಂದು ಚೊಂಬು ನೀರು ಹೊಯ್ದರೆ ಎಲ್ಲ ಕುಣಿಗೆ ಹೋಗುತ್ತದೆ. ಬೀದರದ ಕೆಂಪು ನೆಲ ನೀರು ಕುಡಿಯುತ್ತದೆ. ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ, ಕ್ಲಾಸಿನ ಕೊನೆಗೆ ಒಂದು ಪಾಠದಲ್ಲಿತ್ತು. ಪರೀಕ್ಷೆಗೆ ಬರುವುದಿಲ್ಲ ಅಂತ ಯಾರೂ ಓದಿರಲಿಲ್ಲ.

ಪಕ್ಕದ ಮೇಜಿನ ರಶೀದ ಅಹ್ಮದ ನೋಡಿಬಿಟ್ಟ. ನಾನು ನಕ್ಷೆಗೆ ಕೈ ಅಡ್ಡ ಇಟ್ಟೆ. ಅವನು ಪೆನ್ಸಿಲ್ ಹೆರೆಯುತ್ತಾ, "ಫಿಕರ್ ಮಾಡಬ್ಯಾಡ. ಹಿಂದಿನ ಗೋಡಿ ಯಾರೂ ನೋಡೂದಿಲ್ಲ" ಅಂದ. ನಿಜವೇ. ಸಾಹೇಬರು ಹೆಸರು ಸರಿ ಇದೆಯೇ ಅಂತ ನೋಡಿ ಸಹಿ ಹಾಕಿದರು.

ಈ ಮನೆಗಳ ಗುತ್ತೇದಾರ ಶಿವರಾಜಪ್ಪ. ಹಣೆ ತುಂಬ ವಿಭೂತಿ, ಬಾಯಿ ತುಂಬ ಬಸವಣ್ಣ. "ಬರ್ರಿ ಓವರಸಿಯರ್ ಸಾಬ್, ಚಾ ಕುಡೀರಿ" ಅಂದ. ತಾನು ಹಿತ್ತಾಳೆ ಲೋಟದಲ್ಲಿ ಕುಡಿದ, ನನಗೆ ಸೀಳುಬಿಟ್ಟ ಬಸಿಯಲ್ಲಿ ಕೊಟ್ಟ. ಕುಡಿದ ಮೇಲೆ ಅದನ್ನು ತೊಳೆದಿಡಲು ಕಣ್ಣಿನಿಂದ ತೋರಿಸಿದ.

ನಿನ್ನ ಗೋರಖನಾಥ


ಠಾಣಾ ಕುಶನೂರ
೨೮ ಏಪ್ರಿಲ್ ೧೯೫೭

ತಮ್ಮಾ, ಜೈಭೀಮ.

ನಿನ್ನ ಹಿಂದಿನ ಕಾಗದ ಬಂದಾಗ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ್ದೆ. ನನ್ನ ತಮ್ಮ ಅಂದರೆ ತಮ್ಮ ಅಂದುಕೊಂಡಿದ್ದೆ. ಇವತ್ತು ಬರೆಯುವುದು ಬೇರೆ.

ಯುಗಾದಿಗೆ ಮೆಹಕರಕ್ಕೆ ಹೋಗಿದ್ದೆ. ಮೌಸಿ ಚಿದ್ರಿಯಲ್ಲಿ ನಿನ್ನ ಮನೆಗಳಿಗೇ ಕಲ್ಲು ಹೊರುತ್ತಿದ್ದಾಳೆ ಅಂತ ಅಪ್ಪ ಹೇಳಿದ. ನೀನು ನನಗೆ ಕುಣಿಯ ಆಳ ಬರೆದೆ, ನಳದ ಡೊಂಕು ಬರೆದೆ. ಇದನ್ನು ಬರೆಯಲಿಲ್ಲ.

ಮೌಸಿಯೂ ಬಂದಿದ್ದಳು. ಕೇಳಿದೆ. ಅವಳಿಗೆ ನಿನ್ನ ಮೇಲೆ ಎಳ್ಳಷ್ಟೂ ಬೇಸರವಿಲ್ಲ. "ನಮ್ಮ ಗೋರಖ್ಯಾ ಸಾಹೇಬ ಆಗ್ಯಾನ. ನನ್ನ ಕಂಡ್ರೂ ಕಾಣಲಾರದಂಗ ಹೋಗ್ತಾನ. ಚಲೋನೇ ಮಾಡ್ತಾನ ಬಿಡು. ಮೌಸಿ ಅಂತ ಕರೆದ್ರ ಗುತ್ತೇದಾರಗ ನಾ ಯಾರಂತ ಗೊತ್ತಾಗ್ತದ, ಅವನ ಕಿಮ್ಮತ್ ಹೋಗ್ತದ" ಅಂದಳು. ಹೇಳಿ ನನ್ನ ತಲೆಗೆ ಎಣ್ಣೆ ಹಚ್ಚಿದಳು.

ನಕ್ಷೆಯಲ್ಲಿ ಅವಳ ಕಿಂಡಿ ಮುಚ್ಚಿದ ಧೈರ್ಯವಂತ, ಎದುರಿಗೆ ಬಂದಾಗ ಬಾಯಿ ಮುಚ್ಚಿಕೊಳ್ಳುತ್ತಾನೆ. ಆ ಗುಮಾಸ್ತರಿಗೂ ಅದೇ ಬೇಕಲ್ಲವೇ, ಎತ್ತುವವಳು ಕಣ್ಣಿಗೆ ಬೀಳಬಾರದು ಅನ್ನುವುದು? ಅವರಿಗೂ ನಿನಗೂ ಏನು ಫರಕು? ಶಿವರಾಜಪ್ಪನ ಬಸಿಯನ್ನು ನೀನು ತೊಳೆದಿಟ್ಟೆಯೋ ಇಲ್ಲವೋ ಬರೆದಿಲ್ಲ. ತೊಳೆದಿಟ್ಟಿರುತ್ತೀ. ಥೂ.

ಗಿರಿಜಾಬಾಯಿ


ಬೀದರ
೧೬ ಮೇ ೧೯೫೭

ಅಕ್ಕಾ, ಜೈಭೀಮ.

ಕೆಲಸ ನಡೆದಿದೆ. ಇಲ್ಲಿಯ ಕೆಂಪು ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲು ಹತ್ತಿದ ಮೇಲೆ ಗಟ್ಟಿಯಾಗುತ್ತದೆ. ಶಿವರಾಜಪ್ಪ ಹಸಿ ಕಲ್ಲನ್ನೇ ತಂದು ಸುರಿದಿದ್ದ, ಹಿಂದಕ್ಕೆ ಕಳಿಸಿದೆ. ಈಗ ಮುಖ ಸಿಂಡರಿಸಿಕೊಂಡು ಓಡಾಡುತ್ತಾನೆ. ಕುಣಿಗಳು ಚೆನ್ನಾಗಿ ಬಂದಿವೆ. ಸುಣ್ಣ ಅರೆದದ್ದು ನುಣ್ಣಗಿದೆ.

ಬಿಸಿಲು ಬಹಳ. ಕಲ್ಲು ಹೊರುವ ಹೆಣ್ಣುಮಕ್ಕಳಿಗೆ ಕೂಡಲು ನೆರಳಿರಲಿಲ್ಲ. ಒಂದು ಚಪ್ಪರ ಹಾಕಿಸಿದ್ದೇನೆ, ಕುಡಿಯುವ ನೀರಿನ ಮಡಕೆಯನ್ನೂ ಇಡಿಸಿದ್ದೇನೆ.

ನಿನ್ನ ಕಾಗದದ ಇನ್ನೊಂದು ಮಾತಿಗೆ ಆಮೇಲೆ ಬರೆಯುತ್ತೇನೆ.

ಗೋರಖನಾಥ


ಬೀದರ
೫ ನವೆಂಬರ್ ೧೯೫೭

ಅಕ್ಕಾ,

ಬೇಸಿಗೆಯಿಂದ ನಿನಗೆ ಬರೆದಿಲ್ಲ. ಈಗ ಬರೆಯದೆ ಗತಿಯಿಲ್ಲ.

ರಾಜ್ಯ ಒಂದಾಗಿ ವರ್ಷವಾಯಿತೆಂದು ಒಂದನೇ ತಾರೀಖಿಗೇ ಚಿದ್ರಿಯ ಮನೆಗಳನ್ನು ತೆರೆದರು. ಮುಂದೆ ಮಾವಿನ ತೋರಣ, ಬ್ಯಾಂಡು. ಗುಮಾಸ್ತರ ಕುಟುಂಬಗಳು ಟಾಂಗಾದಲ್ಲಿ ಬಂದವು. ಎಲ್ಲರೂ ಪಡಸಾಲೆ ನೋಡಿ, ಗಾಳಿ ಬೆಳಕು ಚೆನ್ನಾಗಿದೆ ಅಂದರು. ಹೆಡ್ ಕ್ಲಾರ್ಕರ ಹೆಂಡತಿ ನೇರ ಅಂಗಳಕ್ಕೆ ನಡೆದಳು. ಅಲ್ಲಿಂದಲೇ ಕೂಗಿದಳು: "ಅಯ್ಯ, ಇಲ್ಲಿ ಹಿಂದ ಬಾಗಲಾನೇ ಇಲ್ಲಲ್ರಿ! ಎತ್ತವರು ಎಲ್ಲಿಂದ ಬರ್ಬೇಕು?"

ನಾನು ಓಡಿಹೋಗಿ ತಿಳಿಸಿ ಹೇಳಿದೆ. ಒಂದು ಚೊಂಬು ನೀರು ಹೊಯ್ದು ತೋರಿಸಿದೆ. ಎತ್ತುವುದೇ ಬೇಕಾಗಿಲ್ಲ ತಾಯಿ, ಯಾರೂ ಬರಬೇಕಾಗಿಲ್ಲ ಅಂದೆ. ಅವಳ ಮುಖ ನೋಡಬೇಕಾಗಿತ್ತು ಅಕ್ಕಾ. ಸೆರಗಿನಿಂದ ಮೂಗು ಮುಚ್ಚಿಕೊಂಡಳು, ವಾಸನೆಯೇ ಇಲ್ಲದ ಹೊಸ ಕಲ್ಲಿನ ಮುಂದೆ. "ಹೊಲಸು ನಮ್ಮ ಅಂಗಳದಾಗೇ ಹೂತಿಟ್ಕೊಂಡು ಅದರ ಮ್ಯಾಲ ತುಳಸಿ ಹಚ್ಚೂದೇನ್ರಿ? ನಾವೇನು ಹೇಸಿಗಿ ಮಂದಿ ಅಂತ ತಿಳ್ಕೊಂಡೀರೇನು?"

ತಮ್ಮದು ತಮ್ಮ ನೆಲದಲ್ಲಿ ಇಳಿದರೆ ಅವರಿಗೆ ಹೇಸಿಗೆ. ಇನ್ನೊಬ್ಬಳ ತಲೆಯ ಮೇಲೆ ಹೋದರೆ ಮನೆ ಶುದ್ಧ. ನಾನು ಓದಿದ ಓದು, ಕಟ್ಟಿದ ಗೋಡೆ, ಎಲ್ಲದರ ಮೇಲೆ ಉಗುಳಬೇಕು ಅನ್ನಿಸಿತು.

ನಿನ್ನೆ ಸಾಹೇಬರು ಕರೆಸಿದರು. ಸಿಟ್ಟು ಮಾಡಲಿಲ್ಲ. ಅದೇ ಮೆತ್ತಗಿನ ದನಿ. "ಗೆರೆ ಮುಟ್ಟಬೇಡಿ ಅಂದಿದ್ದೆ ತಾನೇ? ಈಗ ಎಲ್ಲಾರೂ ನನ್ನನ್ನ ಕೇಳ್ತಾರೆ. ಬರೋ ಸೋಮವಾರ ನೀವೇ ನಿಂತು ಗೋಡೆ ಮೇಲೆ ಗುರುತು ಹಾಕಿ, ಕಿಂಡಿ ಒಡೆಸಿ. ತಿದ್ದಿದ ನಕ್ಷೆಗೆ ಸಹಿ ಮಾಡಿ. ಹಾಗಾದರೆ ನಿಮ್ಮನ್ನ ಕಾಯಂ ಮಾಡಲಿಕ್ಕೆ ಬರೀತೀನಿ. ಇಲ್ಲ ಅಂದ್ರೆ ಹಂಗಾಮಿ ಕೆಲಸ ಅಲ್ಲಿಗೆ ಮುಗೀತು."

ಮೌಸಿ ಇನ್ನೂ ಅಲ್ಲಿಯೇ ಮಣ್ಣು ಹೊರುತ್ತಿದ್ದಾಳೆ, ಅಂಗಳ ಸಮ ಮಾಡುವ ಕೆಲಸ. ನಾನು ಕಾಯಂ ಆದ ದಿನ ಅವಳ ತಲೆಯಿಂದ ಬುಟ್ಟಿ ಇಳಿಸಿ ನನ್ನ ಖೋಲಿಗೆ ಕರೆದುಕೊಂಡು ಬರಬೇಕು ಅಂತಿದ್ದೆ. ನೌಕರಿ ಹೋದರೆ ಅದೂ ಹೋಯಿತು. ನಾನು ಗುರುತು ಹಾಕದಿದ್ದರೆ ಇನ್ನೊಬ್ಬ ಹಾಕುತ್ತಾನೆ. ಏನು ಮಾಡಲಿ? ಬೇಗ ಬರೆ.

ಗೋರಖನಾಥ


ಠಾಣಾ ಕುಶನೂರ
೭ ನವೆಂಬರ್ ೧೯೫೭

ತಮ್ಮಾ, ಜೈಭೀಮ.

ಇದನ್ನು ಬಸ್ಸಿನ ಡ್ರೈವರನ ಕೈಯಲ್ಲಿ ಕಳಿಸುತ್ತಿದ್ದೇನೆ.

ನನ್ನನ್ನು ಕೇಳಬೇಡ. ನನ್ನ ನೌಕರಿ ಭದ್ರವಾಗಿದೆ. ಭದ್ರವಾಗಿ ಕೂತವರು ಇನ್ನೊಬ್ಬರಿಗೆ ಧೈರ್ಯ ಹೇಳುವುದು ಕಂಡರೆ ನನಗೆ ಅಸಹ್ಯ. ಹಿಂದೆ ನಾನೇ ನಿನಗೆ ಹಾಗೆ ಮಾಡಿದೆ, ನೀನು ಸರಿಯಾಗಿಯೇ ತಿರುಗಿ ಬರೆದಿದ್ದೆ.

ಆ ಕಿಂಡಿಯಲ್ಲಿ ಬಗ್ಗಿದವಳು ನಿನ್ನ ಕಣ್ಣೆದುರಿಗೇ ಓಡಾಡುತ್ತಾಳೆ. ಅವಳನ್ನು ಕೇಳು. ಕೇಳಬೇಕಾದರೆ ಮೊದಲು ಕರೆಯಬೇಕಾಗುತ್ತದೆ. ಏನಂತ ಕರೆಯುತ್ತೀ ಅನ್ನುವುದು ನಿನಗೇ ಬಿಟ್ಟದ್ದು.

ನಿನ್ನ ಅಕ್ಕ


ಮೆಹಕರ
೧೩ ನವೆಂಬರ್ ೧೯೫೭

ಅಕ್ಕಾ, ಜೈಭೀಮ.

ಊರಿನ ಹೆಸರು ನೋಡಿದಾಗಲೇ ನಿನಗೆ ತಿಳಿದಿರುತ್ತದೆ. ನೌಕರಿ ಹೋಯಿತು. ಹೋದದ್ದು ಹೇಗೆ ಅಂತ ನಾನೇ ಬರೆಯುತ್ತೇನೆ, ಯಾರ್‍ಯಾರೋ ಹೇಳುವ ಮೊದಲು.

ಸೋಮವಾರ ಎಲ್ಲರೂ ಹಿಂದಿನ ಗೋಡೆಯ ಕಡೆ ಸೇರಿದ್ದರು. ಆ ಕಡೆ ಅಷ್ಟು ಜನ ಬಂದದ್ದು ಅದೇ ಮೊದಲು. ಸಾಹೇಬರ ಜೀಪು ನಿಂತಿತ್ತು. ಗೌಂಡಿಗಳು ಸುತ್ತಿಗೆ ಹಿಡಿದು ನಿಂತಿದ್ದರು. ಶಿವರಾಜಪ್ಪ ಸೀಮೆಸುಣ್ಣ ಕೈಗೆ ಕೊಡುತ್ತಾ, "ಮೊಣಕಾಲ ಮಟ ಎಳೀರಿ ಸಾಬ್, ಮುಗೀತು" ಅಂದ. ಕೈಗೆ ಕೈ ಹತ್ತದಂತೆ ಅದನ್ನು ಮೇಲಿನಿಂದಲೇ ಬಿಟ್ಟ. ನೀನು ಬರೆದಿದ್ದ ಬುಂದಿ ನೆನಪಾಯಿತು.

ನಾನು ತಿರುಗಿ, "ಮೌಸೀ, ಇಲ್ಲಿ ಬಾ" ಅಂದೆ.

ಮಣ್ಣು ಹೊರುತ್ತಿದ್ದ ಹೆಣ್ಣುಮಕ್ಕಳೆಲ್ಲ ನಿಂತುಬಿಟ್ಟರು. ಅವಳಿಗೆ ತನ್ನನ್ನೇ ಕರೆದದ್ದು ಅಂತ ತಿಳಿಯಲಿಲ್ಲ. ಇನ್ನೊಂದು ಸಲ, ಜೋರಾಗಿ ಕರೆದೆ. ಶಿವರಾಜಪ್ಪ ನಕ್ಕ. "ಯಾರ್ರಿ ಅಕಿ ನಿಮಗ?"

"ನಮ್ಮವ್ವನ ತಂಗಿ. ನನ್ನ ಸಾಕಿದಾಕಿ. ಈ ಚಿದ್ರ್ಯಾಗೇ ಸಂಡಾಸ ಎತ್ತತಿದ್ದಳು. ಈಗ ಬಿಟ್ಟಾಳ."

ಅವನ ನಗು ಹೋಯಿತು. ಎರಡು ಹೆಜ್ಜೆ ಹಿಂದೆ ಸರಿದ. ನನಗೆ ಆಗ ಎಷ್ಟು ಹಗುರವಾಯಿತು ಅಂತ ಹೇಳಲಾರೆ ಅಕ್ಕಾ. ಏಪ್ರಿಲಿನಿಂದ ನಿನಗೆ ಕೊಡಬೇಕಾದ ಉತ್ತರ ಇದೇ.

ಮೌಸಿ ಹೆದರಿಕೊಂಡೇ ಬಂದಳು. "ಬ್ಯಾಡ್ರಿ ಸಾಹೇಬ್ರ" ಅಂದಳು. ನನ್ನನ್ನು ಸಾಹೇಬ್ರ ಅಂದಳು! ಅವಳ ತಲೆಯ ಮೇಲಿನ ಬುಟ್ಟಿ ಇಳಿಸಿ ನೆಲಕ್ಕಿಟ್ಟೆ. "ಗೋಡಿಗಿ ಬೆನ್ನು ಹಚ್ಚಿ ನಿಂದ್ರು ಮೌಸಿ" ಅಂದೆ. ನಿಂತಳು, ನೆಲ ನೋಡುತ್ತಾ. "ನೆಟ್ಟಗ ನಿಂದ್ರು. ನನ್ನ ಮಾರಿ ನೋಡು." ಮೊದಲು ನಡು ಗೋಡೆಗೆ ಹತ್ತಿತು. ಬಹಳ ಹೊತ್ತಿನ ಮೇಲೆ ಹೆಗಲು ಹತ್ತಿದವು. ನೋವಾಗುತ್ತಿತ್ತು, ಹಲ್ಲು ಕಚ್ಚಿಕೊಂಡಿದ್ದಳು. ಕೊನೆಗೆ ತಲೆ ಹತ್ತಿತು. ಆಗ ಅವಳ ತಲೆಯ ಮೇಲೆ ಗೆರೆ ಎಳೆದೆ. ಎರಡೂ ಬದಿಗೆ ನೆಲದವರೆಗೆ ಇಳಿಸಿದೆ. ನಾನು ಕಲಿತ ವಿದ್ಯೆಯಲ್ಲಿ ಅಷ್ಟು ಡೊಂಕಾದ ಗೆರೆ ಇನ್ನೊಂದಿಲ್ಲ.

"ಬಾಗಲಾ ಬೇಕಂದ್ರ ಇಷ್ಟು ಎತ್ತರದ್ದು ಒಡೀರಿ" ಅಂದೆ. "ಬರೂ ಮನಿಶ್ಯಾ ನಿಂತ ಬರ್ತಾನ, ನಿಂತ ಹೋಗ್ತಾನ. ಇದಕ್ಕ ನಾ ಸಹಿ ಮಾಡ್ತೇನ್ರಿ ಸಾಹೇಬ್ರ. ಕಿಂಡಿಗಿ ಮಾಡೂದಿಲ್ಲ."

ಹೆಡ್ ಕ್ಲಾರ್ಕರ ಹೆಂಡತಿ ಹೌಹಾರಿದಳು. "ಅಂಥವರು ಹಂಗ ನಿಂತ ಒಳಗ ಬರೂದೇನು! ಅಡಗಿಮನಿ ಕಾಣ್ತದ!"

ಸಾಹೇಬರು ಗೋಡೆ ನೋಡಿದರು, ಮೌಸಿಯನ್ನು ನೋಡಲಿಲ್ಲ. "ನೀವು ಮನೆಗೆ ಹೋಗಿ, ಗೋರಖನಾಥ್" ಅಂದರು. ಅಷ್ಟೇ.

ರಶೀದ ಅಹ್ಮದ ನನ್ನ ಪಟ್ಟಿ ಪೆನ್ಸಿಲುಗಳನ್ನು ಕಚೇರಿಯಿಂದ ತಂದುಕೊಟ್ಟ. ಔರಾದದಲ್ಲಿ ಅವನ ಪರಿಚಯದ ಅಬ್ದುಲ ಗಫೂರ ಅನ್ನುವ ಗುತ್ತೇದಾರ ಜೋಳದ ಗೋದಾಮು ಕಟ್ಟಿಸುತ್ತಿದ್ದಾನಂತೆ, ಅವನ ಕೈಕೆಳಗೆ ನಿಲ್ಲು ಅಂದ. ಹೋಗುತ್ತೇನೆ. ಅಪ್ಪ ನನ್ನ ಜೊತೆ ಮಾತಾಡುತ್ತಿಲ್ಲ. ನಮ್ಮ ಮನೆಯ ಮೊದಲ ಸರಕಾರಿ ನೌಕರಿಯನ್ನು ಸುಣ್ಣದ ಒಂದು ಗೆರೆಗೆ ಕಳೆದೆ ಅನ್ನುತ್ತಾನೆ. ಅವನ ಸಂಕಟ ನನಗೆ ತಿಳಿಯುತ್ತದೆ.

ನಿನ್ನ ಗೋರಖನಾಥ


ಠಾಣಾ ಕುಶನೂರ
೧೯ ಜನವರಿ ೧೯೫೮

ತಮ್ಮಾ, ಮೌಸಿ ನನ್ನ ಮನೆಯಲ್ಲಿದ್ದಾಳೆ. ಈ ಸಲ ಸ್ನಾನ ಮಾಡದೆ ನೇರ ಒಳಗೆ ಬಂದಳು. ಔರಾದಕ್ಕೆ ನಿನಗೊಂದು ಕಾಗದ ಬರೆ ಅಂದಳು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ಗಿರಿಜಾ.

ಗೋರಖ್ಯಾ, ಜೈಭೀಮ ಮಗಾ.

ಉಣ್ಣೂದು ತಿನ್ನೂದು ಸರಿ ಅದ ಏನು? ನಿನ್ನ ನೌಕರಿ ಹೋತಂತ ನಾ ಬಾಳ ಅತ್ತೆ. ನನ್ನ ಸಲುವಾಗಿ ಯಾಕ ಮಾಡ್ದಿ ಅಂತ ಬೈದೆ ಭೀ. ನಿನಗ ಕೇಳಿಸಿರಲಿಕ್ಕಿಲ್ಲ.

ನೀ ಹೋದ ಮರುದಿನಾನೇ ಗೋಡಿ ಒಡದ್ರು. ನಿನ್ನ ಗೆರಿ ಬಿಟ್ಟು ಕೆಳಗ, ಸಣ್ಣದು, ಮದಲಿನಂಗೇ. ಎಲ್ಲಾ ಮನಿಗಿ ಒಡದ್ರು. ಸುತ್ತಿಗಿ ಸಪ್ಪಳ ಕೇಳಿ ನನ್ನ ಜೀವ ಕಲಕಲ ಅಂತು.

ಆದ್ರ ಕಿಂಡಿ ಆತು, ಬರವರು ಯಾರೂ ಇಲ್ಲ. ಶಿವರಾಜಪ್ಪ ನಮ್ಮ ಓಣಿಗಿ ಬಂದು ಕೇಳ್ದ. ಮದಲ ಪುಸಲಾಯಿಸಿದ, ಆಮ್ಯಾಲ ಬೈದ. ನಾಗಪುರದಿಂದ ಬಂದವರು ಯಾರೂ ಹೋಗಲಿಲ್ಲ. ಬ್ಯಾರೆ ಮಂದಿಗಿ ಕೇಳಿದ್ರು, ಅವರೂ ಒಲ್ಲೆ ಅಂದ್ರು. ಕಿಂಡ್ಯಾಗಿಂದ ನಾಯಿ ಹಂದಿ ಅಂಗಳಕ್ಕ ಬರ್ಲಿಕತ್ವು. ಈಗ ತಗಡು ಬಡದು ಮುಚ್ಯಾರ. ಹೆಡ್ ಕ್ಲಾರ್ಕನ ಹೆಂಡ್ತಿ ಮೂಗು ಹಿಡ್ಕೊಂಡು ತಾನೇ ಚೊಂಬು ನೀರು ಹೊಯ್ತಾಳ. ನಿನ್ನ ಕುಣಿ ಚಲೋ ನಡದದ. ನಿನ್ನ ಹೆಸರು ಯಾರೂ ತಗೊಳ್ಳೂದಿಲ್ಲ. ತಗೊಳ್ಳೂದೂ ಬ್ಯಾಡ, ಆ ಬಾಯಿಂದ.

ಮೊನ್ನಿ ಆ ಕಡಿಂದ ಹಾದು ಬರಾಗ ಹಿಂದಿನ ಗೋಡಿ ನೋಡ್ದೆ. ಮಳಿ ಆಗಿಲ್ಲ, ನಿನ್ನ ಗೆರಿ ಹಂಗೇ ಅದ. ಯಾರೂ ಇರಲಿಲ್ಲ. ಬೆನ್ನು ಹಚ್ಚಿ ನಿಂತೆ, ನೀ ನಿಂದ್ರಿಸಿದಂಗ, ನೆಟ್ಟಗ. ತಲಿಮ್ಯಾಲ ಕೈ ಇಟ್ಟೆ. ಕೈ ಹೋಗಿ ಗೆರಿಗಿ ಹತ್ತಿತು.

ನಾ ಇಷ್ಟು ಎತ್ತರ ಅದೀನಂತ ನನಗ ಯಾರೂ ಹೇಳಿರಲಿಲ್ಲ ಮಗಾ.

ನಿನ್ನ ಮೌಸಿ
ಕೇಶರಬಾಯಿ, ಹೆಬ್ಬೆಟ್ಟಿನ ಗುರುತು